ಹೆಜ್ಜೇಡದ ಮರಿ ಮನೆಗೆ ಬರುವ ಮುನ್ನ

ಹಬ್ಬ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ನಡೆಯುವ ಮೊದಲ ಕೆಲಸ, ಉದ್ದನೆಯ ಕೋಲಿನ ತುದಿಗೆ ಪೊರಕೆ ಕಟ್ಟಿ ತೊಲೆ ಜಂತೆಗಳ ಮೂಲೆಯಲ್ಲಿರುವ ಜೇಡರ ಬಲೆಯನ್ನು ತೆಗೆಯುವುದು. ಬಲೆ ಕಟ್ಟಿದ ಮನೆ ಪಾಳುಮನೆ ಎಂಬ ಭಾವನೆ ನಮ್ಮ ಜನದಲ್ಲಿ ಬೇರೂರಿದೆ. ಇಂಥ ಪ್ರಾಣಿಯನ್ನು ಹಣ ಕೊಟ್ಟು ತಂದು, ಅದಕ್ಕೊಂದು ಮನೆ ಮಾಡಿ, ಆಹಾರ ನೀರು ಕೊಟ್ಟು ಸಾಕುವವರೂ ಲೋಕದಲ್ಲಿದ್ದಾರೆ ಎಂದರೆ ಕೇಳಿದವರಿಗೆ ನಗೆ ಬಂದೀತು. ಆದರೆ ಮಾತು ನಿಜ. ಇಂಗ್ಲೆಂಡು, ಜರ್ಮನಿ, ಅಮೆರಿಕದ ಸಂಯುಕ್ತ ಸಂಸ್ಥಾನ ಮೊದಲಾದ ದೇಶಗಳಲ್ಲಿ 'ಟರಾಂಟುಲಾ' ಎಂದು ಹೆಸರಾದ, ಮೈತುಂಬ ರೋಮವುಳ್ಳ ದೊಡ್ಡ ಜೇಡವನ್ನು ಸಾಕುವುದು ಹಲವು ದಶಕಗಳಿಂದ ನಡೆದುಬಂದ ಹವ್ಯಾಸ. ಆ ದೇಶಗಳಲ್ಲಿ ನೆಲಸಿರುವ ಕನ್ನಡದ ಮನೆಗಳಲ್ಲಿಯೂ ಶಾಲೆಗೆ ಹೋಗುವ ಹುಡುಗನೋ ಹುಡುಗಿಯೋ ತನಗೊಂದು ಜೇಡದ ಮರಿ ಬೇಕೆಂದು ಹಟ ಹಿಡಿಯುವುದು ಅಸಂಭವವೇನಲ್ಲ. ಹಾಗೆ ಕೇಳಿದ ಮಗುವಿಗೆ ಏನು ಹೇಳಬೇಕು, ಆಗಲಿ ಎಂದರೆ ಮರಿ ಬರುವ ಮುನ್ನ ಏನೇನನ್ನು ಸಿದ್ಧಮಾಡಿಕೊಳ್ಳಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಕನ್ನಡದಲ್ಲಿ 'ಜೇಡ' ಎಂಬ ಶಬ್ದಕ್ಕೆ ನೆಯ್ಗೆಯವನು ಎಂಬ ಅರ್ಥವೂ ಉಂಟು. ವಚನಕಾರ ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಈ ಅರ್ಥವೇ. ಮಗ್ಗದ ಮುಂದೆ ಕುಳಿತವನಿಗೂ ಬಲೆಯ ನಡುವೆ ಕುಳಿತ ಜೀವಿಗೂ ಒಂದೇ ಹೆಸರು ಸಂದಿದೆ. ಸಂಸ್ಕೃತದಲ್ಲಿ ಇದು 'ಊರ್ಣನಾಭ'. ಎಂದರೆ ಹೊಕ್ಕುಳಲ್ಲಿ ಉಣ್ಣೆಯುಳ್ಳದ್ದು. ಅಕ್ಷರಬ್ರಹ್ಮದಿಂದ ವಿಶ್ವವು ಹೊರಟ ಬಗೆಗೆ ಮುಂಡಕೋಪನಿಷತ್ತು ಕೊಡುವ ದೃಷ್ಟಾಂತಗಳಲ್ಲಿ ನೂಲನ್ನು ಹೊರಬಿಟ್ಟು ಮತ್ತೆ ಒಳಗೆಳೆದುಕೊಳ್ಳುವ ಈ ಊರ್ಣನಾಭವೂ ಒಂದು. ಟರಾಂಟುಲಾ ಎಂಬುದಾದರೋ ಊರಿನಿಂದ ಬಂದ ಹೆಸರು. ದಕ್ಷಿಣ ಇಟಲಿಯಲ್ಲಿ ಟಾರಾಂಟೊ ಎಂಬ ಪಟ್ಟಣವಿದೆ. ಅಲ್ಲಿಯ ಹೊಲಗಳಲ್ಲಿರುವ ಒಂದು ಬಗೆಯ ಜೇಡ ಕಚ್ಚಿದರೆ ದಣಿಯುವವರೆಗೂ ಕುಣಿಯದೆ ವಿಷ ಇಳಿಯದೆಂದು ಹಿಂದಿನ ಜನ ನಂಬಿದ್ದರು. ಟರಾಂಟೆಲ್ಲಾ ಎಂಬ ನೃತ್ಯದ ಹೆಸರಿಗೂ ಈ ನಂಬಿಕೆಗೂ ನಂಟುಂಟು. ಮುಂದೆ ಯೂರೋಪಿನವರು ಅಮೆರಿಕ ಖಂಡಕ್ಕೆ ಹೋಗಿ ಅಲ್ಲಿ ಇನ್ನೂ ದೊಡ್ಡ ರೋಮದ ಜೇಡಗಳನ್ನು ಕಂಡಾಗ ತಮಗೆ ಗೊತ್ತಿದ್ದ ಈ ಹೆಸರನ್ನೇ ಅವಕ್ಕೂ ಇಟ್ಟರು. ಹೀಗೆ ಹೆಸರು ಮೂಲದ ಒಡೆಯನನ್ನು ಬಿಟ್ಟು ಬೇರೊಂದಕ್ಕೆ ಅಂಟಿಕೊಂಡಿತು. ಹಿರಿದಾದ ಜೇನು ಹೆಜ್ಜೇನಾದಂತೆ, ಹಿರಿದಾದ ದಾರಿ ಹೆದ್ದಾರಿಯಾದಂತೆ, ಹಿರಿದಾದ ಈ ಜೇಡವನ್ನು ನಾವು 'ಹೆಜ್ಜೇಡ' ಎನ್ನಬಹುದು. ಮುಂದೆ ಈ ಮಾತನ್ನೇ ಬಳಸುತ್ತೇನೆ.

ಜೇಡವನ್ನು ನಾವು ಹುಳುವೆಂದು ಕರೆದರೂ ಅದು ಕೀಟವರ್ಗಕ್ಕೆ ಸೇರಿದ್ದಲ್ಲ. ಕೀಟಕ್ಕೆ ಆರು ಕಾಲು, ಜೇಡಕ್ಕೆ ಎಂಟು. ಚೇಳು ಇದರ ದಾಯಾದಿ. ಹೆಜ್ಜೇಡಗಳ ಕುಲವೊಂದರಲ್ಲಿಯೇ ಸಾವಿರಕ್ಕೆ ಮೇಲ್ಪಟ್ಟು ಜಾತಿಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಇವು ತೋಟದಲ್ಲಿ ಚಕ್ರಾಕಾರದ ಬಲೆ ನೆಯ್ಯುವ ಜೇಡಗಳಂತಲ್ಲ. ಕೆಲವು ನೆಲದಲ್ಲಿ ಬಿಲ ತೋಡಿಕೊಂಡು, ಕೆಲವು ಮರದ ಪೊಟರೆಯಲ್ಲಿ ಅಡಗಿಕೊಂಡು, ಹತ್ತಿರ ಸುಳಿದ ಬೇಟೆಯನ್ನು ಥಟ್ಟನೆ ಹಿಡಿಯುತ್ತವೆ. ನೂಲನ್ನು ಬಿಲದ ಗೋಡೆಗೆ ಹಾಸುವುದಕ್ಕೂ ಬಾಗಿಲ ಮುಂದೆ ಹರಡುವುದಕ್ಕೂ ಮೊಟ್ಟೆಯ ಚೀಲ ಕಟ್ಟುವುದಕ್ಕೂ ಬಳಸುತ್ತವೆ. ಕಣ್ಣು ಎಂಟಿದ್ದರೂ ದೃಷ್ಟಿ ಮಂದ. ನೆಲದ ಅದುರನ್ನೂ ಗಾಳಿಯ ಚಲನೆಯನ್ನೂ ಮೈಕಾಲುಗಳ ರೋಮದಿಂದಲೇ ಅದು ತಿಳಿಯುತ್ತದೆ. ಇದನ್ನು ಚೆನ್ನಾಗಿ ನೆನಪಿಡಬೇಕು. ನಮಗೆ ಡಬ್ಬಿಯನ್ನು ಮೆಲ್ಲಗೆ ಸರಿಸಿದಂತೆ ತೋರಿದ್ದು, ಅದರೊಳಗಿರುವ ಮರಿಗೆ ಭೂಕಂಪವೇ ಸರಿ.

ಹೆಜ್ಜೇಡವನ್ನು ಮನುಷ್ಯರು ಸಾಕುಪ್ರಾಣಿಯಂತೆ ಕಂಡದ್ದು ಇಂದು ನಿನ್ನೆಯ ಮಾತಲ್ಲ. ಮರಿಯಾ ಸಿಬಿಲ್ಲಾ ಮೆರಿಯನ್ ಎಂಬ ಚಿತ್ರಕಾರ್ತಿ ದಕ್ಷಿಣ ಅಮೆರಿಕದ ಸುರಿನಾಮ್ ದೇಶದ ಕೀಟಗಳನ್ನು ಕುರಿತು ೧೭೦೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪುಟ್ಟ ಹಕ್ಕಿಯನ್ನು ತಿನ್ನುತ್ತಿರುವ ಹೆಜ್ಜೇಡದ ಚಿತ್ರ ಬರೆದಳು. ಬಹುಕಾಲ ಅನೇಕರು ಅದನ್ನು ಕಟ್ಟುಕಥೆಯೆಂದು ತಳ್ಳಿಹಾಕಿದರು. ಆಮೇಲೆ ಹೆನ್ರಿ ವಾಲ್ಟರ್ ಬೇಟ್ಸ್ ಎಂಬ ಇಂಗ್ಲಿಷ್ ಪ್ರಕೃತಿವಿಜ್ಞಾನಿ ಅಮೆಜಾನ್ ನದಿಯ ಪ್ರದೇಶದಲ್ಲಿ ೧೮೪೮ರಿಂದ ೧೮೫೯ರವರೆಗೆ ಇದ್ದು, ಹಕ್ಕಿಯನ್ನು ಹಿಡಿದ ಹೆಜ್ಜೇಡವನ್ನು ಕಣ್ಣಾರೆ ಕಂಡು ೧೮೬೩ರಲ್ಲಿ ತನ್ನ ಪುಸ್ತಕದಲ್ಲಿ ಬರೆದನು. ಅದೇ ಪುಸ್ತಕದಲ್ಲಿ ಇನ್ನೊಂದು ಸಂಗತಿಯೂ ಇದೆ. ಅಲ್ಲಿಯ ಮೂಲನಿವಾಸಿಗಳ ಮಕ್ಕಳು ಹೆಜ್ಜೇಡವೊಂದರ ನಡುವಿಗೆ ದಾರ ಕಟ್ಟಿ, ನಾಯಿಯನ್ನು ನಡೆಸಿಕೊಂಡು ಹೋಗುವಂತೆ ಮನೆಯೊಳಗೆಲ್ಲ ಎಳೆದಾಡುತ್ತಿದ್ದುದನ್ನು ಆತ ನೋಡಿದನಂತೆ. ಮಕ್ಕಳಿಗೆ ಅದು ಆಟ. ಜೇಡಕ್ಕೆ ಏನಾಗಿದ್ದೀತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಇಂದು ಮರಿ ಸಾಕಹೊರಟವರು ಮೊದಲು ಮನಸ್ಸಿನಿಂದ ತೆಗೆದುಹಾಕಬೇಕಾದ ಕಲ್ಪನೆಯೂ ಇದೇ, ಹೆಜ್ಜೇಡ ಒಂದು ಪುಟ್ಟ ನಾಯಿ ಎಂಬುದು.

ನಾಯಿ ಒಡೆಯನನ್ನು ಗುರುತಿಸುತ್ತದೆ; ಗಿಳಿ ಮಾತನಾಡುತ್ತದೆ; ಹಸು ಕೆಚ್ಚಲು ತುಂಬಿ ಕರೆಯುತ್ತದೆ. ಹೆಜ್ಜೇಡ ಇದಾವುದನ್ನೂ ಮಾಡದು. ಅದಕ್ಕೆ ನಿಮ್ಮ ಗುರುತು ಹತ್ತುವುದಿಲ್ಲ, ಸವರಿದರೆ ಸಂತೋಷವಿಲ್ಲ, ಎತ್ತಿಕೊಂಡರೆ ಭಯ. ಹಗಲೆಲ್ಲ ಬಿಲದಲ್ಲಿ ಅಡಗಿರುತ್ತದೆ. ಮರಿಯಂತೂ ವಾರಗಟ್ಟಲೆ ಕಣ್ಣಿಗೆ ಬೀಳದಿರುವುದೂ ಉಂಟು. ಹಾಗಾದರೆ ಸಾಕುವುದೇಕೆ ಎಂದರೆ, ನೋಡುವುದಕ್ಕಾಗಿ. ಹುಲ್ಲಿನ ಬೀಜದಷ್ಟು ಇದ್ದ ಒಂದು ಜೀವ ಪೊರೆ ಬಿಟ್ಟು ಪೊರೆ ಬಿಟ್ಟು ಅಂಗೈಯಗಲ ಆಗುವುದನ್ನು ವರ್ಷಾನುವರ್ಷ ನೋಡುವುದಕ್ಕಾಗಿ. ಇಷ್ಟರಿಂದ ತೃಪ್ತಿಯಾಗದ ಮಗುವಿಗೆ ಬೇರೆ ಪ್ರಾಣಿ ಒಳ್ಳೆಯದು.

ಆಯುಸ್ಸಿನ ಲೆಕ್ಕವನ್ನೂ ಮೊದಲೇ ಹಾಕಬೇಕು. ಗಂಡು ಹೆಜ್ಜೇಡ ಕೆಲವೇ ವರ್ಷಗಳಲ್ಲಿ ಪ್ರಾಯಕ್ಕೆ ಬಂದು, ಅನಂತರ ಬಹುದಿನ ಬಾಳುವುದಿಲ್ಲ. ಹೆಣ್ಣಾದರೋ ಹಲವು ಜಾತಿಗಳಲ್ಲಿ ಇಪ್ಪತ್ತು ವರ್ಷ, ಅದಕ್ಕೂ ಮಿಗಿಲಾಗಿ ಬದುಕುತ್ತದೆ. ಹೆಜ್ಜೇಡದ ದೂರದ ಬಂಧುವಾದ ಒಂದು ಬಿಲಜೇಡವನ್ನು ಪಶ್ಚಿಮ ಆಸ್ಟ್ರೇಲಿಯದ ಕಾಡಿನಲ್ಲಿ ಬಾರ್ಬರಾ ಯಾರ್ಕ್ ಮೇನ್ ಎಂಬ ವಿದುಷಿ ೧೯೭೪ರಿಂದ ಗುರುತಿಟ್ಟು ನೋಡುತ್ತ ಬಂದರು. 'ಹದಿನಾರನೆಯದು' ಎಂಬ ಅಂಕಿಯೇ ಅದರ ಹೆಸರು. ೨೦೧೬ರಲ್ಲಿ ಅದು ಇಲ್ಲವಾಯಿತೆಂದು ತಿಳಿದಾಗ ಅದಕ್ಕೆ ೪೩ ವರ್ಷವೆಂದು ಲೆಕ್ಕಕ್ಕೆ ಬಂತು. ಮರಿಯಾಗಿದ್ದಾಗ ಗಂಡೋ ಹೆಣ್ಣೋ ನೋಡಿ ಹೇಳಲಾಗದು. ಆದುದರಿಂದ ಹೆಣ್ಣೆಂದೇ ಭಾವಿಸಿ ಸಿದ್ಧರಾಗುವುದು ವಿವೇಕ. ಇಂದು ಹತ್ತು ವರ್ಷದ ಮಗು ತಂದ ಮರಿ, ಆ ಮಗು ಕಾಲೇಜಿಗೆ ಹೋಗಿ ಉದ್ಯೋಗ ಹಿಡಿದ ಮೇಲೂ ಮನೆಯಲ್ಲಿಯೇ ಇದ್ದೀತು. ಆಗ ಅದನ್ನು ನೋಡಿಕೊಳ್ಳುವವರು ಯಾರು? ಈ ಪ್ರಶ್ನೆಗೆ ತಂದೆತಾಯಿಗಳು ಈಗಲೇ ಉತ್ತರ ಹೇಳಿಕೊಳ್ಳದೆ ಮರಿ ತರತಕ್ಕದ್ದಲ್ಲ. ಬೇಡವಾದಾಗ ಹಿತ್ತಲಲ್ಲಿ ಬಿಟ್ಟುಬಿಟ್ಟರಾಯಿತು ಎನ್ನುವಂತೆಯೂ ಇಲ್ಲ. ಪರದೇಶದ ಪ್ರಾಣಿಯನ್ನು ಹಾಗೆ ಬಿಡುವುದು ಅದಕ್ಕೂ ಕೇಡು, ಆ ನೆಲದ ಪ್ರಾಣಿಗಳಿಗೂ ಕೇಡು.

ಇನ್ನು ಯಾವ ಜಾತಿ ಎಂಬುದು. ಮೊದಲ ಸಲ ಸಾಕುವವರಿಗೆ ಅನುಭವಿಗಳು ಹೇಳುವ ಜಾತಿಗಳಲ್ಲಿ ಮಧ್ಯ ಅಮೆರಿಕದ ಗುಂಗುರು ರೋಮದ ಹೆಜ್ಜೇಡ ಮುಖ್ಯವಾದದ್ದು. ಶಾಸ್ತ್ರೀಯವಾಗಿ ಅದರ ಹೆಸರು ಟ್ಲಿಲ್ಟೊಕ್ಯಾಟ್ಲ್ ಆಲ್ಬೊಪಿಲೋಸಸ್. ತವರು ನಿಕರಾಗುವ, ಕೋಸ್ಟರಿಕ ದೇಶಗಳು. ಕಂದುಬಣ್ಣದ ಮೈಮೇಲೆ ಹೊಂಬಣ್ಣದ ಉದ್ದ ರೋಮಗಳು ಸುರುಳಿ ಸುರುಳಿಯಾಗಿ ನಿಂತಿರುತ್ತವೆ. ನೆಲದ ಮೇಲೆ ವಾಸ, ಸಾಧುಸ್ವಭಾವ, ಗಟ್ಟಿಜೀವ. ಮರಿಯನ್ನು ಕಾಡಿನಿಂದ ಹಿಡಿದು ತಂದವರಿಂದ ಕೊಳ್ಳಬಾರದು. ಸಾಕಿದ ತಾಯಿಯ ಮೊಟ್ಟೆಯಿಂದ ಮರಿ ಮಾಡಿಸುವವರಿಂದಲೇ ಕೊಳ್ಳಬೇಕು. ಒಂದೇ ಮೊಟ್ಟೆಚೀಲದಿಂದ ನೂರಾರು ಮರಿಗಳು ಬರುವುದರಿಂದ ಕಾಡಿನ ಜೀವವನ್ನು ಕದಿಯುವ ಅಗತ್ಯವೇ ಇಲ್ಲ. ಮರದ ಮೇಲೆ ವಾಸಿಸುವ, ಮಿಂಚಿನಂತೆ ಓಡುವ ಜಾತಿಗಳು ಎಷ್ಟೇ ಸುಂದರವಾಗಿದ್ದರೂ ಮೊದಲ ಸಾಕಣೆಗೆ ತಕ್ಕವಲ್ಲ.

ಮರಿ ಬರುವುದಕ್ಕೆ ಒಂದು ವಾರ ಮೊದಲೇ ಅದರ ಮನೆ ಸಿದ್ಧವಾಗಿರಬೇಕು. ದೊಡ್ಡ ಗಾಜಿನ ಪೆಟ್ಟಿಗೆಯೇ ಬೇಕೆಂದು ಆಸೆಪಡುವುದು ಸಹಜ. ಆದರೆ ಅದು ಸರಿಯಲ್ಲ. ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಮರಿಗೆ ದೊಡ್ಡ ಪೆಟ್ಟಿಗೆಯಲ್ಲಿ ಬೇಟೆ ಸಿಗದು. ನಿಮಗೆ ಮರಿ ಸಿಗದು. ಸಣ್ಣ ಲೋಟದಷ್ಟು, ಸುಮಾರು ನೂರು ಮಿಲಿಲೀಟರು ಹಿಡಿಯುವ, ಮುಚ್ಚಳವುಳ್ಳ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಸಾಕು. ಕಾಯಿಸಿದ ಸೂಜಿಯಿಂದ ಅದರ ಪಕ್ಕದಲ್ಲಿಯೂ ಮುಚ್ಚಳದಲ್ಲಿಯೂ ಗಾಳಿಗೆ ರಂಧ್ರ ಮಾಡಬೇಕು. ರಂಧ್ರವು ಮರಿಯ ತಲೆಯ ಭಾಗಕ್ಕಿಂತ ಚಿಕ್ಕದಾಗಿರಲಿ. ಮೃದುವಾದ ಹೊಟ್ಟೆ ಹೇಗೋ ಕುಗ್ಗಿ ತೂರೀತು. ಗಟ್ಟಿಯಾದ ತಲೆಯ ಭಾಗ ತೂರುವಷ್ಟು ಜಾಗವಿದ್ದರೆ ಮರಿ ಹೊರಗೆ ಬಂದಂತೆಯೇ.

ಡಬ್ಬಿಯ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ತೆಂಗಿನ ನಾರಿನ ಪುಡಿ ತುಂಬಬೇಕು. ನಮ್ಮ ಕಡೆ ನಾರು ಬಿಡಿಸುವಲ್ಲಿ ಉದುರುವ ಈ ಪುಡಿಯನ್ನು ಇಟ್ಟಿಗೆಯಂತೆ ಒತ್ತಿ ಮಾರುತ್ತಾರೆ. ನೀರಿನಲ್ಲಿ ನೆನೆಸಿದರೆ ಉಬ್ಬಿ ಮಣ್ಣಿನಂತಾಗುತ್ತದೆ. ಕೊಳ್ಳುವಾಗ ಗೊಬ್ಬರ, ಕೀಟನಾಶಕ ಯಾವುದೂ ಬೆರೆಯದ್ದನ್ನೇ ನೋಡಿ ಕೊಳ್ಳಬೇಕು. ಪುಡಿಯನ್ನು ಮೆಲ್ಲಗೆ ಒತ್ತಿ ಗಟ್ಟಿಮಾಡಿ, ಅಂಚಿನಲ್ಲಿ ಸೀಸದ ಕಡ್ಡಿಯಿಂದ ಓರೆಯಾಗಿ ಒಂದು ತೂತು ತೆಗೆದರೆ ಮರಿ ಅದನ್ನೇ ಬಿಲದ ಆರಂಭವೆಂದು ಹಿಡಿದುಕೊಂಡು ಮುಂದೆ ತಾನೇ ತೋಡಿಕೊಳ್ಳುತ್ತದೆ. ಮೇಲೊಂದು ತೊಗಟೆಯ ಚೂರು ಇದ್ದರೆ ಮರೆಯಾಯಿತು. ಬಣ್ಣದ ಕಲ್ಲು, ಬೊಂಬೆ, ಮುಳ್ಳುಗಿಡ ಇವುಗಳ ಅಲಂಕಾರ ಬೇಡ.

ನೀರಿನ ವಿಷಯದಲ್ಲಿ ಎರಡು ಕಡೆಯಿಂದಲೂ ಅಪಾಯವುಂಟು. ದೊಡ್ಡ ಹೆಜ್ಜೇಡದ ಮೈಗೆ ತೇವ ಆರದಂತೆ ಕಾಯುವ ಮೇಣದಂಥ ಲೇಪವಿರುತ್ತದೆ. ಎಳೆಯ ಮರಿಗೆ ಅದು ಇನ್ನೂ ಬಲಿತಿರುವುದಿಲ್ಲ. ಆದುದರಿಂದ ನಾರಿನ ಪುಡಿ ಪೂರ್ತಿ ಒಣಗಿದರೆ ಮರಿಯೂ ಒಣಗುತ್ತದೆ. ಹಾಗೆಂದು ಕೆಸರಿನಂತೆ ನೆನೆಸಿ ಗಾಳಿಯಾಡದಂತೆ ಮುಚ್ಚಿದರೆ ಬೂಷ್ಟು ಹಿಡಿದು, ಕುಳಿತ ಗಾಳಿಯಲ್ಲಿ ಮರಿ ಸಾಯುತ್ತದೆ. ಒಂದು ಬದಿಯನ್ನು ಮಾತ್ರ ಒದ್ದೆಯಾಗಿಟ್ಟು ಇನ್ನೊಂದು ಬದಿಯನ್ನು ಒಣಗಲು ಬಿಟ್ಟರೆ ತನಗೆ ಹಿತವಾದ ಕಡೆಗೆ ಮರಿಯೇ ಹೋಗುತ್ತದೆ. ಡಬ್ಬಿಯ ಗೋಡೆಗೆ ಒಂದೆರಡು ಹನಿ ನೀರು ಸಿಡಿಸಿದರೆ ಕುಡಿಯಲು ಸಾಕು. ಮರಿ ಬೆಳೆದ ಮೇಲೆ ಸೀಸೆಯ ಮುಚ್ಚಳದಲ್ಲಿ ನೀರಿಡಬಹುದು. ಶಾಖಕ್ಕಾಗಿ ವಿಶೇಷ ಏರ್ಪಾಡು ಬೇಕಿಲ್ಲ. ನಮಗೆ ಹಿತವಾದ ೨೦ರಿಂದ ೨೮ ಡಿಗ್ರಿ ಸೆಂಟಿಗ್ರೇಡಿನ ಕೋಣೆ ಅದಕ್ಕೂ ಹಿತವೇ. ಬಿಸಿಲು ನೇರವಾಗಿ ಬೀಳುವ ಕಿಟಕಿಯಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ಡಬ್ಬಿ ಒಲೆಯಾದೀತು. ದೀಪದ ಶಾಖವನ್ನೂ ಕೊಡಬಾರದು.

ಮರಿ ಬಂದ ದಿನ ಮನೆಮಂದಿಯೆಲ್ಲ ಮುತ್ತಿಕೊಳ್ಳುವುದು ಸಹಜ. ಆ ಸಂಭ್ರಮ ದೂರದಿಂದ ಆಗಲಿ. ಮರಿ ಸಾಮಾನ್ಯವಾಗಿ ಒದ್ದೆ ಕಾಗದ ತುರುಕಿದ ಚಿಕ್ಕ ನಳಿಕೆಯಲ್ಲಿ ಬರುತ್ತದೆ. ಅದನ್ನು ಹೊಸ ಮನೆಗೆ ದಾಟಿಸುವ ಕೆಲಸವನ್ನು ಮೇಜಿನ ಮೇಲಲ್ಲ, ಒಂದು ದೊಡ್ಡ ಬಿಳಿಯ ತೊಟ್ಟಿಯೊಳಗೆ ಮಾಡಬೇಕು. ತಪ್ಪಿಸಿಕೊಂಡರೂ ಕಣ್ಣಿಗೆ ಬೀಳುತ್ತದೆ. ಮರಿಯನ್ನು ಬೆರಳಿನಿಂದಾಗಲಿ ಚಿಮಟದಿಂದಾಗಲಿ ಹಿಡಿಯಕೂಡದು. ಮೃದುವಾದ ಕುಂಚದ ತುದಿಯಿಂದ ಹಿಂಗಾಲನ್ನು ಮೆಲ್ಲಗೆ ಮುಟ್ಟಿದರೆ ತಾನೇ ಮುಂದೆ ನಡೆಯುತ್ತದೆ. ಕಿಟಕಿ ಮುಚ್ಚಿ, ಬೀಸಣಿಗೆ ನಿಲ್ಲಿಸಿ, ಬೆಕ್ಕನ್ನು ಬೇರೆ ಕೋಣೆಯಲ್ಲಿ ಕೂಡಿ ಈ ಕೆಲಸಕ್ಕೆ ಕೈಹಾಕಬೇಕು. ಒಳಗೆ ಬಿಟ್ಟಾದ ಮೇಲೆ ಕೆಲವು ದಿನ ಅದರ ಗೊಡವೆಗೆ ಹೋಗಬಾರದು.

ಆಹಾರವು ಕೀಟಗಳು. ಎಳೆಯ ಮರಿಗೆ ರೆಕ್ಕೆಯಿದ್ದೂ ಹಾರಲಾರದಂತೆ ತಳಿ ಮಾಡಿದ ಹಣ್ಣುನೊಣ, ಆಗತಾನೆ ಹುಟ್ಟಿದ ಚಿಮ್ಮಂಡೆಯ ಮರಿ, ಹಿಟ್ಟಿನ ಹುಳುವಿನ ತುಂಡು ಇವು ಆಗುತ್ತವೆ. ಬೇಟೆಯು ಮರಿಯ ಹೊಟ್ಟೆಗಿಂತ ದೊಡ್ಡದಾಗಿರಬಾರದು ಎಂಬುದು ಸುಲಭವಾದ ಸೂತ್ರ. ಬಹಳ ಚಿಕ್ಕ ಮರಿ ಜೀವಂತ ಬೇಟೆಗೆ ಹೆದರಿದರೆ ಕೊಂದ ಚಿಮ್ಮಂಡೆಯ ಕಾಲನ್ನು ಬಿಲದ ಬಾಗಿಲಲ್ಲಿಟ್ಟರೆ ರಾತ್ರಿ ಬಂದು ತಿನ್ನುತ್ತದೆ. ವಾರಕ್ಕೆ ಒಂದೆರಡು ಸಲ ಕೊಟ್ಟರೆ ಸಾಕು. ಮರುದಿನಕ್ಕೆ ಉಳಿದದ್ದನ್ನು ತೆಗೆದುಹಾಕಬೇಕು. ಇಲ್ಲವಾದರೆ ಬೂಷ್ಟೂ ಹೇನಿನಂಥ ಸಣ್ಣ ಉಣ್ಣೆಗಳೂ ಸೇರುತ್ತವೆ. ತೋಟದಿಂದ ಹಿಡಿದ ಹುಳುವನ್ನು ಹಾಕುವುದು ಮಕ್ಕಳಿಗೆ ಸಂತೋಷದ ಕೆಲಸ. ಆದರೆ ಆ ಹುಳು ಯಾವ ಔಷಧಿ ಹೊಡೆದ ಎಲೆಯನ್ನು ತಿಂದಿದೆಯೋ ಯಾರು ಬಲ್ಲರು? ಹಾಗೆ ಮಾಡದಿರುವುದೇ ಕ್ಷೇಮ.

ಈಗ ಎಲ್ಲಕ್ಕಿಂತ ಮುಖ್ಯವಾದ ಸಂಗತಿ, ಪೊರೆ ಬಿಡುವುದು. ಜೇಡಕ್ಕೆ ನಮ್ಮಂತೆ ಒಳಗೆ ಎಲುಬಿಲ್ಲ. ಹೊರಗಿನ ಚರ್ಮವೇ ಅದರ ಎಲುಬು, ಅದೇ ಕವಚ. ಆ ಕವಚ ಹಿಗ್ಗದು. ಬೆಳೆಯಬೇಕಾದರೆ ಹಳೆಯದನ್ನು ಕಳಚಿ, ಒಳಗೆ ಸಿದ್ಧವಾಗಿರುವ ಹೊಸದನ್ನು ಹಿಗ್ಗಿಸಿ ಗಟ್ಟಿಮಾಡಿಕೊಳ್ಳಬೇಕು. ಮರಿ ಒಂದೆರಡು ತಿಂಗಳಿಗೊಮ್ಮೆ ಪೊರೆ ಬಿಟ್ಟೀತು. ದೊಡ್ಡದಾದಂತೆ ಅಂತರ ಹೆಚ್ಚುತ್ತದೆ. ಸಮಯ ಹತ್ತಿರವಾದಾಗ ಅದು ಆಹಾರವನ್ನು ನಿರಾಕರಿಸುತ್ತದೆ, ಹೊಟ್ಟೆ ಬಿಗಿದು ಹೊಳೆಯುತ್ತದೆ, ಬಣ್ಣ ಕಪ್ಪಾಗುತ್ತದೆ. ಕೆಲವು ಬಿಲದ ಬಾಗಿಲನ್ನು ಮಣ್ಣಿನಿಂದ ಮುಚ್ಚಿಕೊಳ್ಳುತ್ತವೆ. ಹೊಸಬರು ಹೆದರುವುದು ಇಲ್ಲಿಯೇ. ಮರಿ ಉಪವಾಸವಿದೆ, ಹೂತುಹೋಗಿದೆ ಎಂದು ಕಳವಳಗೊಂಡು ಬಿಲವನ್ನು ಅಗೆದು ನೋಡುತ್ತಾರೆ. ಅಗೆಯತಕ್ಕದ್ದಲ್ಲ. ಹೊಟ್ಟೆ ದುಂಡಗಿರುವ ಮರಿಗೆ ಉಪವಾಸದಿಂದ ಕೇಡಿಲ್ಲ.

ಪೊರೆ ಬಿಡುವಾಗ ಹೆಜ್ಜೇಡ ಸಾಮಾನ್ಯವಾಗಿ ನೂಲಿನ ಚಾಪೆ ಹಾಸಿ ಅದರ ಮೇಲೆ ಅಂಗಾತ ಮಲಗುತ್ತದೆ. ಕಾಲು ಮೇಲೆ ಮಾಡಿ ಅಲುಗಾಡದೆ ಬಿದ್ದಿರುವುದನ್ನು ಕಂಡವರು ಸತ್ತಿತೆಂದೇ ತಿಳಿಯುತ್ತಾರೆ. ಸತ್ತ ಜೇಡ ಹಾಗಿರುವುದಿಲ್ಲ. ಇದಕ್ಕೆ ಕಾರಣ ಕುತೂಹಲಕರವಾಗಿದೆ. ಜೇಡಕ್ಕೆ ಕಾಲನ್ನು ಮಡಿಸಲು ಸ್ನಾಯುಗಳಿವೆ. ಕೆಲವು ಮುಖ್ಯ ಕೀಲುಗಳಲ್ಲಿ ಚಾಚಲು ಸ್ನಾಯುಗಳಿಲ್ಲ. ಮೈಯೊಳಗಿನ ದ್ರವವನ್ನು ಒತ್ತಿ ತಳ್ಳಿ ಅದು ಕಾಲನ್ನು ಚಾಚುತ್ತದೆ. ಜೀವ ಹೋದಾಗ ಆ ಒತ್ತಡ ಇಳಿದು ಕಾಲುಗಳು ಹೊಟ್ಟೆಯ ಕೆಳಗೆ ಮುದುಡಿಕೊಳ್ಳುತ್ತವೆ. ಆದುದರಿಂದ ಕಾಲು ಕೆಳಗೆ ಮುದುಡಿ ಕುಳಿತಿದ್ದರೆ ಚಿಂತಿಸಬೇಕು, ನೀರು ಸಿಗದೆ ಸೊರಗಿರಬಹುದು. ಅಂಗಾತ ಬಿದ್ದಿದ್ದರೆ ಬಾಗಿಲು ಹಾಕಿಕೊಂಡು ಕೋಣೆಯಿಂದ ಹೊರಗೆ ಬರಬೇಕು. ಎಷ್ಟೋ ಮರಿಗಳು ಸತ್ತದ್ದು ರೋಗದಿಂದಲ್ಲ. ಪೊರೆ ಬಿಡುವ ಹೊತ್ತಿನಲ್ಲಿ ಸಹಾಯ ಮಾಡಹೋದವರ ಕೈಯಿಂದ. ಆ ವೇಳೆಯಲ್ಲಿ ಡಬ್ಬಿಯೊಳಗೆ ಚಿಮ್ಮಂಡೆ ಉಳಿದಿದ್ದರೆ ಅದೇ ಮರಿಯನ್ನು ಕಡಿದು ತಿನ್ನಬಹುದು ಎಂಬುದನ್ನೂ ಮರೆಯಬಾರದು.

ಪೊರೆ ಕಳಚಿ ಹೊರಬಂದ ಜೇಡ ಮೇಣದಂತೆ ಮೃದು. ಅದರ ವಿಷದ ಹಲ್ಲು ಕೂಡ ಮೊದಲು ಬೆಳ್ಳಗಿದ್ದು, ಆಮೇಲೆ ಕೆಂಪಾಗಿ, ಕೊನೆಗೆ ಕಪ್ಪಾಗಿ ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಆಹಾರ ಹಾಕಬಾರದು. ಎಳೆಯ ಮರಿಗಾದರೆ ನಾಲ್ಕೈದು ದಿನ, ಬೆಳೆದದ್ದಕ್ಕೆ ಎರಡು ವಾರ ತಡೆಯಬೇಕು. ನೀರು ಮಾತ್ರ ಇರಲಿ. ಬಿಟ್ಟ ಪೊರೆಯನ್ನು ಎಸೆಯದೆ ತೆಗೆದಿಡುವುದು ಒಳ್ಳೆಯದು. ಎಂಟು ಕಾಲು, ಹಲ್ಲು, ರೋಮ ಎಲ್ಲವೂ ಅಚ್ಚು ಒತ್ತಿದಂತೆ ಅದರಲ್ಲಿರುತ್ತವೆ. ಮುಂದೆ ಜೇಡ ಸ್ವಲ್ಪ ದೊಡ್ಡದಾದ ಮೇಲೆ, ಪೊರೆಯ ಒಳಭಾಗವನ್ನು ಭೂತಗನ್ನಡಿಯಿಂದ ಪರೀಕ್ಷಿಸಿ ಗಂಡೋ ಹೆಣ್ಣೋ ತಿಳಿಯಬಹುದು. ಮುರಿದುಹೋದ ಕಾಲು ಕೂಡ ಮುಂದಿನ ಪೊರೆಗಳಲ್ಲಿ ಮತ್ತೆ ಮೂಡುವುದನ್ನು ಕಾಣಬಹುದು.

ಮನೆಯೊಳಗಿನ ಶತ್ರುಗಳ ವಿಚಾರವನ್ನೂ ಹೇಳಬೇಕು. ಸೊಳ್ಳೆಬತ್ತಿ, ಜಿರಳೆಗೆ ಸಿಂಪಡಿಸುವ ಔಷಧಿ, ನಾಯಿಯ ಉಣ್ಣೆಗೆ ಹಚ್ಚುವ ಮದ್ದು ಇವೆಲ್ಲ ಜೇಡಕ್ಕೂ ವಿಷ. ಅವುಗಳನ್ನು ಮುಟ್ಟಿದ ಕೈಯನ್ನು ತೊಳೆಯದೆ ಡಬ್ಬಿಗೆ ಕೈಯಿಕ್ಕಬಾರದು. ಮರಿಯಿರುವ ಕೋಣೆಯಲ್ಲಿ ಅವನ್ನು ಬಳಸಲೇಬಾರದು. ಇರುವೆ ಬಂದರೆ ಸಣ್ಣ ಮರಿಗೆ ಉಳಿವಿಲ್ಲ. ತಿಂಡಿಯ ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವ ನಮ್ಮ ಅಜ್ಜಿಯರ ಉಪಾಯ ಇಲ್ಲಿಗೂ ಸಲ್ಲುತ್ತದೆ. ಎತ್ತರದಿಂದ ಬೀಳುವುದು ಇನ್ನೊಂದು ಅಪಾಯ. ಬೆಳೆದ ಹೆಜ್ಜೇಡದ ಹೊಟ್ಟೆ ತೆಳುಚರ್ಮದ ಚೀಲ. ಮೊಳದೆತ್ತರದಿಂದ ಬಿದ್ದರೂ ಒಡೆದೀತು. ಕೈಮೇಲೆ ಓಡಾಡಿಸಬಾರದು ಎನ್ನುವುದಕ್ಕೆ ನಮ್ಮ ಕ್ಷೇಮಕ್ಕಿಂತ ಅದರ ಕ್ಷೇಮವೇ ದೊಡ್ಡ ಕಾರಣ.

ನಮ್ಮ ಕ್ಷೇಮವೂ ಇದೆ. ಅಮೆರಿಕ ಖಂಡದ ಬಹುಪಾಲು ಹೆಜ್ಜೇಡಗಳ ಕಡಿತ ಆರೋಗ್ಯವಂತರಿಗೆ ಜೇನು ಕಡಿದಂತೆ ನೋವಾಗಿ ಇಳಿಯುತ್ತದೆ. ಒಗ್ಗದ ಮೈಯವರು ವೈದ್ಯರಿಗೆ ತೋರಿಸಬೇಕು. ಅವುಗಳ ನಿಜವಾದ ಆಯುಧ ಹೊಟ್ಟೆಯ ಮೇಲಿನ ಸೂಕ್ಷ್ಮ ರೋಮ. ಹೆದರಿದಾಗ ಹಿಂಗಾಲಿನಿಂದ ಅದನ್ನು ಕೆರೆದು ಗಾಳಿಗೆ ತೂರುತ್ತವೆ. ಚರ್ಮಕ್ಕೆ ತಗುಲಿದರೆ ನವೆ. ಕಣ್ಣಿಗೆ ಹೊಕ್ಕರೆ ಗಂಭೀರ. ಮೇಲೆ ಹೇಳಿದ ಬೇಟ್ಸ್ ಒಂದು ಹೆಜ್ಜೇಡವನ್ನು ಎಚ್ಚರವಿಲ್ಲದೆ ಮುಟ್ಟಿ, ಅದರ ರೋಮದಿಂದ ಮೂರು ದಿನ ನರಳಿದುದಾಗಿ ಬರೆದಿದ್ದಾನೆ. ಡಬ್ಬಿಯ ಮೇಲೆ ಮುಖವಿಟ್ಟು ಇಣುಕಬಾರದು, ಕೆಲಸವಾದ ಮೇಲೆ ಕೈ ತೊಳೆಯದೆ ಕಣ್ಣುಜ್ಜಬಾರದು ಎಂದು ಮಕ್ಕಳಿಗೆ ಮೊದಲ ದಿನವೇ ಕಲಿಸಬೇಕು.

ಇಷ್ಟನ್ನು ಓದಿದ ನಮ್ಮ ನಾಡಿನ ವಾಚಕರಿಗೆ, ನಮ್ಮಲ್ಲಿಯೂ ಹೆಜ್ಜೇಡಗಳಿಲ್ಲವೆ ಎಂಬ ಪ್ರಶ್ನೆ ಬರುತ್ತದೆ. ಇವೆ. ಆರ್. ಐ. ಪೊಕಾಕ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ೧೮೯೫ರಲ್ಲಿ ವರ್ಣಿಸಿದ ಪೊಯೆಸಿಲೊಥೀರಿಯಾ ಸ್ಟ್ರಯೇಟಾ ಎಂಬ ಜಾತಿಗೆ ಪರದೇಶದ ಹವ್ಯಾಸಿಗಳಲ್ಲಿ ಮೈಸೂರಿನ ಹೆಸರೇ ಬಳಕೆಯಲ್ಲಿದೆ. ನಮ್ಮ ಬಳ್ಳಾರಿಗೆ ಮಗ್ಗುಲಾದ ಗುತ್ತಿಯಲ್ಲಿ ರೈಲ್ವೆಯ ಮರದ ಅಂಗಳದಲ್ಲಿ ಸಿಕ್ಕ ನೀಲಿಬಣ್ಣದ ಒಂದು ಹೆಜ್ಜೇಡವನ್ನು ಅದೇ ಪೊಕಾಕ್ ೧೮೯೯ರಲ್ಲಿ ವರ್ಣಿಸಿದನು. ಆಮೇಲೆ ಸುಮಾರು ನೂರು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. ೨೦೦೧ರಲ್ಲಿ ಆಂಧ್ರದ ನಂದ್ಯಾಲ ಗಿದ್ದಲೂರುಗಳ ನಡುವಣ ಕಾಡಿನಲ್ಲಿ ಮತ್ತೆ ಸಿಕ್ಕಿತು. ಮರದ ದಿಮ್ಮಿಗಳೊಡನೆ ರೈಲಿನಲ್ಲಿ ಗುತ್ತಿಗೆ ಬಂದಿರಬೇಕೆಂದು ಊಹೆ. ೨೦೦೮ರಲ್ಲಿ ಅದನ್ನು ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿದರು. ಆ ನೀಲಿಯ ಚೆಲುವಿಗೆ ಮರುಳಾಗಿ ಯೂರೋಪು ಅಮೆರಿಕಗಳ ಸಾಕುವವರ ಮನೆಗಳಲ್ಲಿ ಅದರ ಸಂತಾನ ಸಾವಿರಗಟ್ಟಲೆ ಬೆಳೆಯುತ್ತಿದ್ದರೂ ತವರಿನಲ್ಲಿ ಅದಕ್ಕಿರುವುದು ಸವೆಯುತ್ತಿರುವ ಒಂದು ತುಂಡು ಕಾಡು ಮಾತ್ರ.

ಈ ಕುಲದ ಜೇಡಗಳು ಮರದ ಪೊಟರೆಯ ನಿವಾಸಿಗಳು, ಬಹು ಚುರುಕು. ಕಡಿದರೆ ದಿನಗಟ್ಟಲೆ ಸ್ನಾಯುಗಳು ಸೆಳೆಯುತ್ತವೆ. ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸಲು ೧೯೭೩ರಲ್ಲಿ ಆದ ಒಡಂಬಡಿಕೆಯ ಎರಡನೆಯ ಪಟ್ಟಿಗೆ ೨೦೧೯ರಲ್ಲಿ ಇವನ್ನು ಸೇರಿಸಲಾಗಿದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ೨೦೨೨ರಲ್ಲಿ ಆದ ತಿದ್ದುಪಡಿಯಂತೆ, ಆ ಒಡಂಬಡಿಕೆಯ ಪಟ್ಟಿಗಳಲ್ಲಿರುವ ಪರದೇಶದ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕು. ಅನುಮತಿಯಿಲ್ಲದೆ ಅಂಥವನ್ನು ಹೊರಗಿನಿಂದ ತರಿಸುವುದು ಅಪರಾಧ. ಆದುದರಿಂದ ಭಾರತದಲ್ಲಿರುವವರು ಯಾವ ಮರಿಯನ್ನೇ ಆಗಲಿ ಕೊಳ್ಳುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸತಕ್ಕದ್ದು. ಮಲೆನಾಡಿನ ಮರದ ಪೊಟರೆಯಲ್ಲಿಯೋ ಗೋಡೆಯ ಬಿರುಕಿನಲ್ಲಿಯೋ ಹೆಜ್ಜೇಡ ಕಂಡರೆ ಹಿಡಿಯುವುದೂ ಬೇಡ, ಹೊಸಕುವುದೂ ಬೇಡ. ಅದನ್ನು ಅಲ್ಲಿಯೇ ಬಿಟ್ಟು ನೋಡುವುದೇ ನಮ್ಮ ಪಾಲಿನ ಸಾಕಣೆ.

ಕಾನೂನು ಒಪ್ಪುವ ದೇಶದಲ್ಲಿದ್ದು, ಮೇಲಿನದನ್ನೆಲ್ಲ ಯೋಚಿಸಿ, ಮರಿ ತರುವುದೆಂದೇ ನಿಶ್ಚಯಿಸಿದವರಿಗೆ ಇನ್ನೊಂದೇ ಮಾತು. ಡಬ್ಬಿ, ನಾರಿನ ಪುಡಿ, ಕುಂಚ ಇವುಗಳ ಜೊತೆಗೆ ಒಂದು ನೋಟುಬುಕ್ಕನ್ನೂ ಕೊಳ್ಳಿ. ಆಹಾರ ಕೊಟ್ಟ ದಿನ, ತಿಂದಿತೋ ಬಿಟ್ಟಿತೋ, ನೀರು ಸಿಡಿಸಿದ್ದು, ಪೊರೆ ಬಿಟ್ಟ ತಾರೀಕು ಇವನ್ನು ಮಗುವಿನ ಕೈಯಿಂದಲೇ ಬರೆಯಿಸಿ. ಮರಿ ಕಾಣಿಸದ ವಾರಗಳಲ್ಲಿ ಆ ಪುಸ್ತಕವೇ ಧೈರ್ಯ ಹೇಳುತ್ತದೆ. ಹಿಂದಿನ ಸಲವೂ ಹೀಗೆಯೇ ಇಪ್ಪತ್ತು ದಿನ ಅಡಗಿತ್ತು, ಆಮೇಲೆ ದೊಡ್ಡದಾಗಿ ಬಂತು ಎಂದು. ಹೆಜ್ಜೇಡ ಸಾಕುವವರು ಕಲಿಯಬೇಕಾದ ವಿದ್ಯೆಯಲ್ಲಿ ಮುಕ್ಕಾಲು ಪಾಲು ಕೈಕಟ್ಟಿ ಕಾಯುವ ವಿದ್ಯೆ. ಮಾಡಬೇಕಾದ ಸ್ವಲ್ಪವನ್ನು ತಪ್ಪದೆ ಮಾಡಿ, ಮಾಡಬಾರದ್ದನ್ನು ಮಾಡದೆ ಇರುವಷ್ಟು ತಾಳ್ಮೆ ಮನೆಯಲ್ಲಿದ್ದರೆ ಮರಿ ಬದುಕುತ್ತದೆ. ಅಷ್ಟು ತಾಳ್ಮೆ ಇನ್ನೂ ಇಲ್ಲವೆಂದು ತೋರಿದರೆ ಒಂದು ವರ್ಷ ತಡೆದು ತರುವುದರಿಂದ ಯಾರಿಗೂ ನಷ್ಟವಿಲ್ಲ.